ಪಾಡ್ ಕಾಫಿ ಮಷೀನಿನ ಪಾಡು: ಹೊಸಪೇಟೆ ನೀರು, ಅಮ್ಮನ 5 ಗಂಟೆ ಕಾಫಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಕೇಳುವುದಕ್ಕಿಂತ ಓದುವುದೇ ಸುಲಭ ಅನ್ನುವವರಿಗಾಗಿ.)

ಹೊಸಪೇಟೆಯಿಂದ ಮಾತಾಡ್ತಾ ಇದ್ದೀನಿ. ಪಾಡ್‌ಕಾಸ್ಟ್‌ನಲ್ಲಿ ಪಾಡ್ ಬಗ್ಗೆ ಮಾತಾಡೋದು ಇದೇ ಮೊದಲು. ಕಾಫಿ ಪಾಡ್. ಪುಟ್ಟ ಡಬ್ಬಿಯನ್ನ ಮಷೀನಿಗೆ ಹಾಕಿ ಬಟನ್ ಒತ್ತಿದರೆ ಒಂದೇ ಒಂದು ಕಪ್ ಕಾಫಿ ಇಳಿಯುತ್ತಲ್ಲ, ಅದು. ಹೋದ ಸಂಚಿಕೆಯ ಕೊನೆಯಲ್ಲಿ "ನಮ್ಮನೆ ಮಷೀನ್ ಕೆಟ್ಟಿದೆ, ರಿಪೇರಿ ಆದಮೇಲೆ ಹೇಳ್ತೀನಿ" ಅಂದಿದ್ದೆ. ಅಷ್ಟಕ್ಕೇ ಸಂಡೂರು, ಕಂಪ್ಲಿ, ಹಂಪಿ ಕಡೆಯಿಂದ ವಾಯ್ಸ್ ನೋಟ್ ಬಂದವು. ನಾವೆಲ್ಲ ಟೀ ಊರಿನವರು, ಮಿರ್ಚಿ-ಮಂಡಕ್ಕಿ ಜೊತೆ ಕಾಫಿ ಕೇಳಿದರೆ ಹೋಟೆಲಿನವನೇ ಒಂದು ಸಲ ಮುಖ ನೋಡ್ತಾನೆ. ಆದ್ರೂ ಈ ಮಷೀನ್ ಇಷ್ಟು ಮನೆಗಳಿಗೆ ಬಂದಿದೆ ಅಂತ ನನಗೆ ಗೊತ್ತಿರಲಿಲ್ಲ.

ನಮ್ಮನೆಗೆ ಅದು ಶೋಕಿಗೆ ಬಂದಿದ್ದಲ್ಲ. ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯೋ ಹೊತ್ತಿಗೆ ಅಮ್ಮನಿಗೆ ಚಿಕುನ್‌ಗುನ್ಯಾ ಬಂತು. ಜ್ವರ ವಾರದಲ್ಲಿ ಇಳೀತು, ಕೈ ಬೆರಳಿನ ಗಂಟು ನೋವು ತಿಂಗಳುಗಟ್ಟಲೆ ಇಳೀಲೇ ಇಲ್ಲ. ಅಮ್ಮ ಮೈಸೂರು ಕಡೆಯವರು, ಬೆಳಗ್ಗೆ 5 ಗಂಟೆಗೆ ಕಾಫಿ ಆಗಲೇಬೇಕು. ಕಾಫಿ ಫಿಲ್ಟರ್ ಇಟ್ಟುಕೊಂಡವರಿಗೆ ಗೊತ್ತು, ರಾತ್ರಿ ಹಾಕಿಟ್ಟ ಡಿಕಾಕ್ಷನ್ ಫಿಲ್ಟರಿನ ಮೇಲಿನ ಪಾತ್ರೆ ಬೆಳಗ್ಗೆ ಬಿಗಿಯಾಗಿ ಕೂತಿರುತ್ತೆ. ತಿರುಗಿಸಿ ಬಿಡಿಸೋಕೆ ಬೆರಳಲ್ಲಿ ಬಲ ಬೇಕು. ಅಮ್ಮನಿಗೆ ಅದು ಆಗ್ತಿರಲಿಲ್ಲ. ನನ್ನನ್ನ ಎಬ್ಬಿಸೋಕೂ ಮನಸ್ಸಿಲ್ಲ. 7 ಗಂಟೆಗೆ ನಾನು ಏಳೋವರೆಗೆ ಕತ್ತಲಲ್ಲಿ ಅಡುಗೆಮನೆ ಸ್ಟೂಲ್ ಮೇಲೆ ಸುಮ್ಮನೆ ಕೂತಿರ್ತಿದ್ರು. ಅದನ್ನ ನೋಡಿದ ಅಕ್ಕ ಬೆಂಗಳೂರಿನಿಂದ ಈ ಮಷೀನ್ ತಂದುಕೊಟ್ಟಳು. "ಇದೇನಪ್ಪಾ, ಡಬ್ಬಿ ಮುಚ್ಚಿಟ್ರೆ ಕಾಫಿ ಬರುತ್ತಾ?" ಅಂದ್ರು ಅಮ್ಮ. ಎರಡನೇ ದಿನಕ್ಕೆ ಕಲಿತುಬಿಟ್ರು.

ನಾಲ್ಕು ತಿಂಗಳು ಚೆನ್ನಾಗಿ ನಡೀತು. ಆಮೇಲೆ ಒಂದಿನ ಗರ್ರ್ ಅಂತ ಸದ್ದು ಮಾತ್ರ, ಕಪ್ಪಿಗೆ ಬಿದ್ದಿದ್ದು ನಾಲ್ಕು ಹನಿ.

ರಿಪೇರಿ ಕಥೆಗೆ ಹೋಗೋ ಮುಂಚೆ ಇದರ ಹೊಟ್ಟೆಯೊಳಗೆ ಏನಿದೆ ಅಂತ ಹೇಳಿಬಿಡ್ತೀನಿ. ಹಿಂದೆ ನೀರಿನ ಟ್ಯಾಂಕ್ ಇರುತ್ತೆ. ಅದರಿಂದ ಒಂದು ಪುಟ್ಟ ಪಂಪ್ ನೀರೆಳೆಯುತ್ತೆ, ಆ ಗರ್ರ್ ಸದ್ದು ಅದರದ್ದೇ. ನೀರು ಒಂದು ಬಿಸಿ ಲೋಹದ ತುಂಡಿನೊಳಗೆ ಕೊರೆದಿರೋ ಸಣ್ಣ ದಾರಿಯಲ್ಲಿ ಹರಿದು, ಹರೀತಾ ಹರೀತಾನೇ 90 ಡಿಗ್ರಿ ಆಸುಪಾಸಿಗೆ ಕಾಯುತ್ತೆ. ಲಿವರ್ ಮುಚ್ಚಿದಾಗ ಸೂಜಿಗಳು ಪಾಡಿನ ತಲೆಗೆ ತೂತು ಹಾಕಿರುತ್ತವೆ. ಬಿಸಿನೀರು ಆ ತೂತಿನಿಂದ ಒಳಗೆ ನುಗ್ಗಿ, ಒತ್ತಡ ಏರಿ, ಇನ್ನೊಂದು ಬದಿಯ ತೆಳು ಹಾಳೆ ಒಡೆದು ಕಾಫಿ ಕೆಳಗಿಳಿಯುತ್ತೆ. ಡಬ್ಬದ ಮೇಲೆ "19 ಬಾರ್" ಅಂತ ದೊಡ್ಡದಾಗಿ ಬರೆದಿರ್ತಾರೆ, ಅದು ಪಂಪಿನ ಗರಿಷ್ಠ ತಾಕತ್ತು. ಎಸ್ಪ್ರೆಸೊ ಇಳಿಸೋಕೆ 9 ಬಾರ್ ಸಾಕು ಅನ್ನೋದು ರೂಢಿ. ನಿಮ್ಮ ಬೈಕ್ ಟೈರಿನಲ್ಲಿರೋ ಗಾಳಿ ಸುಮಾರು 2 ಬಾರ್. ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಒತ್ತಡದಲ್ಲಿ 5-6 ಗ್ರಾಂ ಪುಡಿಯ ಮೂಲಕ 40 ಮಿಲಿ ನೀರು ಅರ್ಧ ನಿಮಿಷದೊಳಗೆ ದಾಟುತ್ತೆ. ನಮ್ಮ ಫಿಲ್ಟರಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿ ಆಗೋ ಕೆಲಸ ಇದು.

ಈ ಐಡಿಯಾ ಹೊಸದೇನಲ್ಲ. ನೆಸ್ಲೆ ಕಂಪನಿಯ ಎಂಜಿನಿಯರ್ ಎರಿಕ್ ಫಾವ್ರ್ 1970ರ ದಶಕದಲ್ಲಿ ಮಾಡಿದ್ದು. ನೆಸ್ಪ್ರೆಸೊ ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂದಿದ್ದು 1986ರಲ್ಲಿ, ನಮ್ಮ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ವರ್ಷವೇ. ಎರಡಕ್ಕೂ ಏನೂ ಸಂಬಂಧ ಇಲ್ಲ, ನೆನಪಿಟ್ಟುಕೊಳ್ಳೋಕೆ ಸುಲಭ ಅಷ್ಟೆ.

ಸರಿ, ಕೆಟ್ಟ ದಿನಕ್ಕೆ ಬರೋಣ. ಕಂಪನಿ ಹೆಸರು ಹೇಳಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ನಿಮ್ಮ ಪಿನ್‌ಕೋಡ್‌ಗೆ ಸರ್ವಿಸ್ ಇಲ್ಲ ಸರ್, ಬೆಂಗಳೂರಿಗೆ ಕೊರಿಯರ್ ಮಾಡಿ" ಅಂದ್ರು. ಕೊರಿಯರ್ ಖರ್ಚು ನಮ್ಮದು, ಬರೋಕೆ ಮೂರು ವಾರ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ತಿದ್ದ ಅಮ್ಮ "ಇರಲಿ ಬಿಡು, ನಾನು ಕಾಯ್ತೀನಿ" ಅಂದ್ರು. ಆ "ಕಾಯ್ತೀನಿ" ಅಂದ್ರೆ ಏನು ಅಂತ ನನಗೆ ಗೊತ್ತಿತ್ತು. ಮತ್ತೆ ಆ ಸ್ಟೂಲು.

ಮಷೀನ್ ಬಗಲಲ್ಲಿಟ್ಟುಕೊಂಡು ನಮ್ಮ ಬೀದಿ ಕೊನೆಯ ಮಿಕ್ಸಿ-ಗೀಸರ್ ರಿಪೇರಿ ಅಂಗಡಿಗೆ ಹೋದೆ. ಅವರು ಇಂಥ ಮಷೀನ್ ಕಣ್ಣಲ್ಲಿ ನೋಡಿಲ್ಲ. ತಿರುಗಿಸಿ, ಟ್ಯಾಂಕ್ ತೆಗೆದು, ತಳಕ್ಕೆ ಬೆರಳು ಹಾಕಿ ಉಜ್ಜಿದ್ರು. ಬೆರಳ ತುದಿಗೆ ಬಿಳಿ ಪುಡಿ.

"ಬೋರ್ ನೀರು ಹಾಕ್ತೀರೇನ್ರೀ ಇದಕ್ಕ?"

ಹೌದು ಅಂದೆ.

"ಗೀಸರ್ ಕಾಯಿಲ್‌ಗೆ ಆಗೋದೇ ಇದಕ್ಕೂ ಆಗೈತೆ. ಕೆಟ್ಟಿಲ್ಲ ಇದು, ಕಟ್ಟಿಕೊಂಡೈತೆ. ನಿಂಬೆ ಉಪ್ಪು ಹಾಕಿ ತೊಳೀರಿ, ಹೋಗ್ರಿ."

ದುಡ್ಡೂ ತಗೊಳ್ಳಲಿಲ್ಲ.

ನಮ್ಮ ಕಡೆ ನೀರಿನ ಕಥೆ ನಿಮಗೆ ಗೊತ್ತಲ್ಲ. ತುಂಗಭದ್ರಾ ಡ್ಯಾಂ ಊರ ಪಕ್ಕದಲ್ಲೇ ಇದೆ, ಆದ್ರೆ ನಲ್ಲಿ ನೀರು ದಿನಾ ಬರಲ್ಲ. ಬಂದಾಗ ಸಂಪ್ ತುಂಬಿಸ್ತೀವಿ, ಸಾಲದೇ ಇದ್ದಾಗ ಬೋರ್‌ವೆಲ್ ಆನ್ ಮಾಡ್ತೀವಿ. ತಾರಸಿ ಮೇಲಿನ ಟ್ಯಾಂಕಿನಲ್ಲಿ ಎರಡೂ ಕಲೆಯುತ್ತೆ. ಅಡುಗೆಮನೆ ನಲ್ಲಿ ತಿರುಗಿಸಿದಾಗ ಇವತ್ತು ಯಾವ ನೀರು ಅಂತ ಯಾರಿಗೂ ಗೊತ್ತಿರಲ್ಲ. ಬೋರ್ ನೀರು ಕಲ್ಲಿನ ಸಂದಿಯಲ್ಲಿದ್ದು ಬಂದಿರುತ್ತೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತೆ. ತಣ್ಣಗಿರೋವರೆಗೆ ಕಣ್ಣಿಗೆ ಕಾಣಲ್ಲ. ಕಾಯಿಸಿದಾಗ ಕರಗಿದ್ದ ಕ್ಯಾಲ್ಸಿಯಂ ಸುಣ್ಣದ ಕಲ್ಲಿನಂತಾಗಿ, ಎಲ್ಲಿ ಬಿಸಿ ಇದೆಯೋ ಅಲ್ಲೇ ಅಂಟಿಕೊಳ್ಳುತ್ತೆ. ಸ್ನಾನದ ಬಕೆಟ್ಟಿಗೆ ಹಾಕೋ ಹೀಟರ್ ಕಾಯಿಲ್ ಬೆಳ್ಳಗಾಗೋದು ಇದರಿಂದಲೇ. ಕಾಯಿಲ್ ಆದ್ರೆ ಕೆರೆದು ತೆಗೀಬಹುದು. ಕಾಫಿ ಮಷೀನಿನಲ್ಲಿ ಅದು ಕಡ್ಡಿ ದಪ್ಪದ ದಾರಿಯೊಳಗೆ ಕೂರುತ್ತೆ. ಮೊದಲು ಬಿಸಿ ಕಮ್ಮಿಯಾಗುತ್ತೆ, ಯಾಕಂದ್ರೆ ಲೋಹಕ್ಕೂ ನೀರಿಗೂ ನಡುವೆ ಸುಣ್ಣದ ಗೋಡೆ ಎದ್ದಿರುತ್ತೆ. ಆಮೇಲೆ ಧಾರೆ ಸಣ್ಣಗಾಗುತ್ತೆ. ಆಮೇಲೆ ನಿಂತೇಹೋಗುತ್ತೆ. ಅಮ್ಮ ಒಂದು ತಿಂಗಳಿಂದ "ಕಾಫಿ ಬೆಚ್ಚಗಷ್ಟೇ ಬರ್ತಿದೆ" ಅಂತಿದ್ರು. ನಾನು ಹಾಲು ಇನ್ನೊಂಚೂರು ಕಾಯಿಸಿ ಅಂದು ಸುಮ್ಮನಾಗಿದ್ದೆ. ಅದು ಮಷೀನ್ ಕೊಟ್ಟ ವಾರ್ನಿಂಗ್.

ನಿಮ್ಮನೆ ನೀರು ಹೇಗಿದೆ ಅಂತ ತಿಳಿಯೋಕೆ ಲ್ಯಾಬ್ ಬೇಕಿಲ್ಲ. ಸೋಪು ನೊರೆ ಬರುತ್ತಾ? ತೊಗರಿಬೇಳೆ ಬೇಗ ಬೇಯುತ್ತಾ? ಬೇಳೆ ಬೇಯದ ನೀರಲ್ಲಿ ಈ ಮಷೀನಿನ ಬೇಳೆಯೂ ಬೇಯಲ್ಲ. ಲೆಕ್ಕವೇ ಬೇಕು ಅನ್ನೋರಿಗೆ: ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದ್ರೆ ಕುಡಿಯೋಕೆ ಪರವಾಗಿಲ್ಲ ಅನ್ನೋ ನೀರು ಕೂಡ ಮಷೀನನ್ನ ಕಟ್ಟಿಹಾಕಬಹುದು. ಆನ್‌ಲೈನಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್ ಸಿಗುತ್ತೆ. ಅದು ತೋರಿಸೋದು ಕರಗಿರೋ ಎಲ್ಲದರ ಮೊತ್ತ, ಗಡಸುತನ ಒಂದನ್ನೇ ಅಲ್ಲ, ಆದ್ರೂ ಅಂದಾಜಿಗೆ ಸಾಕು. ನಮ್ಮ ಬೋರ್ ನೀರು 900 ದಾಟಿತ್ತು. ಕ್ಯಾನ್ ನೀರು 60.

ಈಗ ತೊಳೆಯೋ ವಿಧಾನ. ವಾರಂಟಿ ಇನ್ನೂ ಇದ್ದರೆ ಕಂಪನಿಯವರದೇ ಡೀಸ್ಕೇಲಿಂಗ್ ದ್ರಾವಣ ಬಳಸಿ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಮಾಡಿ. ಬೇರೇನಾದ್ರೂ ಹಾಕಿದ್ದು ಗೊತ್ತಾದ್ರೆ ವಾರಂಟಿ ಕೈಬಿಡೋ ಸಾಧ್ಯತೆ ಇದೆ. ನಮ್ಮಲ್ಲಿ ಆ ದ್ರಾವಣ ಬರೋಕೆ ಎಂಟು ದಿನ ಅಂತ ತೋರಿಸ್ತು, ನಾನು ಕಾಯಲಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ, ಸಿಟ್ರಿಕ್ ಆಮ್ಲದ ಹರಳು ಅದು. ಒಂದು ಲೀಟರ್ ಕ್ಯಾನ್ ನೀರಿಗೆ 20 ಗ್ರಾಂ, ಅಂದಾಜು ನಾಲ್ಕು ಟೀ ಚಮಚ. ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿ. ಪಾಡ್ ಹಾಕಬೇಡಿ. ಕೆಳಗೆ ದೊಡ್ಡ ಪಾತ್ರೆ ಇಟ್ಟು ಅರ್ಧ ಕಪ್ಪಿನಷ್ಟು ಬಿಡಿ, ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮತ್ತೆ ಅರ್ಧ ಕಪ್. ನನ್ನ ಮಷೀನಲ್ಲಿ ಮೊದಲು ಹನಿ ಹನಿ ಬಂತು, ಮೂರನೇ ಸಲಕ್ಕೆ ಮೋಡದ ಬಣ್ಣದ ನೀರು, ಆಮೇಲೆ ಮರಳಿನಂಥ ಬಿಳಿ ಚೂರು. ಲೀಟರ್ ಮುಗಿಯೋ ಹೊತ್ತಿಗೆ ಧಾರೆ ಬಂತು. ಕೊನೆಗೆ ಬರೀ ನೀರು ಎರಡು ಟ್ಯಾಂಕ್ ಹರಿಸಿ. ಹುಳಿ ಉಳಿದರೆ ಮಾರನೇ ದಿನ ಹಾಲು ಒಡೆಯುತ್ತೆ, ನಮ್ಮಲ್ಲಿ ಒಡೆದಿದೆ.

ಜಾಸ್ತಿ ಹಾಕಿದ್ರೆ ಬೇಗ ಹೋಗುತ್ತೆ ಅಂತ ಅರ್ಧ ಪ್ಯಾಕೆಟ್ ಸುರೀಬೇಡಿ. ದ್ರಾವಣ ಗಟ್ಟಿಯಾಗಿದ್ದು ಬಿಸಿಯೂ ಆದ್ರೆ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಕೂರಬಹುದು, ಅದು ಸುಲಭಕ್ಕೆ ಕರಗಲ್ಲ. ಒಳಗಿನ ಲೋಹಕ್ಕೂ ಒಳ್ಳೇದಲ್ಲ. ರಾತ್ರಿಯಿಡೀ ನೆನೆಯೋಕೂ ಬಿಡಬೇಡಿ. ನಿಂಬೆಹಣ್ಣಿನ ರಸ ಬೇಡ, ಅದರ ತಿರುಳು ಹೋಗಿ ಸಿಕ್ಕಿಕೊಳ್ಳುತ್ತೆ. ವಿನೆಗರ್ ವಾಸನೆ ವಾರ ಹೋಗಲ್ಲ, ರಬ್ಬರ್ ವಾಷರಿಗೂ ಆಗಿಬರಲ್ಲ.

ಮಷೀನ್ ನಿಂತ ಕೂಡಲೇ ಸುಣ್ಣವೇ ಕಾರಣ ಅಂತಲೂ ಅಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಪಂಪಿಗೆ ಗಾಳಿ ಸೇರಿದ್ದರೂ ಸದ್ದು ಮಾತ್ರ ಬರುತ್ತೆ. ಆಗ ಟ್ಯಾಂಕ್ ತುಂಬಿಸಿ, ಪಾಡ್ ಇಲ್ಲದೆ ನಾಲ್ಕೈದು ಸಲ ನೀರು ಓಡಿಸಿ, ನಡುನಡುವೆ ಲಿವರ್ ಎತ್ತಿ ಇಳಿಸಿ. ಸೂಜಿಯ ತೂತಿಗೆ ಪುಡಿ ಕಚ್ಚಿದ್ದರೆ ಪ್ಲಗ್ ಕಿತ್ತು, ಆರಿದ ಮೇಲೆ ಪಿನ್ನಿನಿಂದ ಬಿಡಿಸಿ. ಪ್ಲಗ್ ಕೀಳದೆ ಬೆರಳು ಹಾಕಬೇಡಿ.

ಇನ್ನು ನಿಮ್ಮ ವಾಯ್ಸ್ ನೋಟ್‌ಗಳು.

ಕಂಪ್ಲಿಯ ಹುಡುಗಿಯೊಬ್ಬಳ ಪ್ರಶ್ನೆ: "ನಾವು ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರ್ತೀವಿ. ಅದನ್ನೇ ಹಾಕಬಹುದಾ?" ಹಾಕಬಹುದು. ಆ ಘಟಕಗಳಲ್ಲಿ ಆರ್‌ಒ ಮಾಡಿರ್ತಾರೆ, ಗಡಸುತನ ಹೆಚ್ಚೂಕಡಿಮೆ ಹೋಗಿರುತ್ತೆ. ರುಚಿ ಸ್ವಲ್ಪ ಸಪ್ಪೆ ಅನಿಸಬಹುದು, ಕಾಫಿಗೆ ಒಂಚೂರು ಖನಿಜ ಇದ್ದರೇ ಸೊಗಸು. ಕಾಫಿ ತಜ್ಞರು ಟಿಡಿಎಸ್ 150ರ ಹತ್ತಿರ ಇರಲಿ ಅಂತಾರೆ. ಹಾಗಂತ ಬೋರ್ ನೀರು ಬೆರೆಸೋಕೆ ಹೋಗಬೇಡಿ. ಅದೇ ನೋಟಿನಲ್ಲಿ ಇನ್ನೊಂದು ವಿಷಯ ಹೇಳಿದಾಳೆ, ನಾನು ಎರಡು ಸಲ ಕೇಳಿದೆ. ಅವರ ಸೋದರಮಾವ "ಹಾಲಿನ ಕಾಫಿ ಬರಲಿ" ಅಂತ ಟ್ಯಾಂಕಿಗೇ ಹಾಲು ಹುಯ್ದಿದ್ರಂತೆ! ದಯವಿಟ್ಟು ಬೇಡ. ಟ್ಯಾಂಕಿಗೆ ನೀರು ಮಾತ್ರ, ಅದೂ ತಣ್ಣೀರು. ಹಾಲು ಹೀಟರಿನೊಳಗೆ ಸೀದು ಅಂಟಿಕೊಳ್ಳುತ್ತೆ, ಅದನ್ನ ನಿಂಬೆ ಉಪ್ಪು ಕೂಡ ಬಿಡಿಸಲ್ಲ.

ಸಂಡೂರಿನ ಗೆಳೆಯ ಧೂಳಿನ ಬಗ್ಗೆ ಕೇಳಿದಾನೆ. ಅದಿರಿನ ಲಾರಿ ಓಡಾಡೋ ರಸ್ತೆ ಪಕ್ಕ ಮನೆ, ಸಂಜೆಗೆ ಎಲ್ಲದರ ಮೇಲೂ ಕೆಂಪು ಪದರ. ಟ್ಯಾಂಕಿನ ಮುಚ್ಚಳ ಕಳೆದಿದೆ, ತಟ್ಟೆ ಮುಚ್ಚಿದ್ದೀನಿ ಅಂದ. ತಟ್ಟೆ ಸಾಕು, ಆದ್ರೆ ರಾತ್ರಿ ಉಳಿದ ನೀರು ಗಿಡಕ್ಕೆ ಹಾಕಿ, ಬೆಳಗ್ಗೆ ಟ್ಯಾಂಕ್ ಜಾಲಿಸಿ ಹೊಸ ನೀರು ಹಾಕು. ಮಷೀನ್ ಮೇಲೆ ಬಟ್ಟೆ ಹೊದಿಸೋದಾದ್ರೆ ಆರಿದ ಮೇಲೆ. ಅವನದೇ ಎರಡನೇ ಪ್ರಶ್ನೆ ಇನ್ನೂ ಮುಖ್ಯ: ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸಬಹುದಾ? ಮಷೀನಿನ ತಳದಲ್ಲಿ ವ್ಯಾಟ್ ಬರೆದಿರುತ್ತೆ, ಸಾಮಾನ್ಯವಾಗಿ 1,200ರಿಂದ 1,500. ಫ್ಯಾನು-ಲೈಟಿಗೆ ಅಂತ ಹಾಕಿಸಿರೋ 900 ವಿಎ ಇನ್ವರ್ಟರ್ ಇದನ್ನ ಎಳೆಯಲ್ಲ, ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತೆ. ಮೊಬೈಲ್ ಚಾರ್ಜರ್ ಹಾಕೋ 6 ಆಂಪ್ ಸಾಕೆಟ್ಟೂ ಬೇಡ, ಗ್ರೈಂಡರ್ ಹಾಕೋ 16 ಆಂಪ್ ಸಾಕೆಟ್ ಬಳಸಿ. ಕರೆಂಟ್ ಬಿಲ್ ಬಗ್ಗೆ ಮಾತ್ರ ಚಿಂತೆ ಬೇಡ. 1,400 ವ್ಯಾಟ್ ಮಷೀನ್ ಒಂದು ಕಪ್ಪಿಗೆ ಪೂರ್ತಿ ಒಂದು ನಿಮಿಷ ಓಡಿದ್ರೂ ಒಂದು ಯೂನಿಟ್ಟಿಗೆ 40 ಕಪ್ ದಾಟುತ್ತೆ.

ಹಂಪಿ ಹತ್ತಿರ ಹೋಮ್‌ಸ್ಟೇ ನಡೆಸೋ ಒಬ್ಬ ಅಕ್ಕ ಕಸದ ಬಗ್ಗೆ ಕೇಳಿದಾರೆ. ಸೀಸನ್‌ನಲ್ಲಿ ದಿನಕ್ಕೆ 20 ಪಾಡ್ ಖರ್ಚಾಗುತ್ತಂತೆ, ಕಸದ ಗಾಡಿಯವರು "ಇದು ಹಸಿ ಕಸಾನಾ, ಒಣ ಕಸಾನಾ?" ಅಂತ ಜಗಳ. ಅವರ ಜಗಳ ನ್ಯಾಯವಾದದ್ದೇ. ಹೊರಗೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಒಳಗೆ ಒದ್ದೆ ಪುಡಿ. ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ಸರ್ಕಾರಿ ದುಡ್ಡಲ್ಲಿ ಇಂಥ ಪಾಡ್ ಕೊಳ್ಳೋದನ್ನೇ ನಿಲ್ಲಿಸ್ತು. ಅಮೆರಿಕದಲ್ಲಿ ಕೆ-ಕಪ್ ಅನ್ನೋ ಪಾಡ್ ಕಂಡುಹಿಡಿದ ಜಾನ್ ಸಿಲ್ವನ್, ಇದನ್ನ ಯಾಕಾದ್ರೂ ಮಾಡಿದೆನೋ ಅಂತ ಕೆಲವೊಮ್ಮೆ ಬೇಜಾರಾಗುತ್ತೆ ಅಂತ 2015ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿಕೊಂಡಿದ್ರು. ನಾವು ಮಾಡೋದು ಇಷ್ಟು: ಹಾಳೆ ಸೀಳಿ ಪುಡಿ ದಾಸವಾಳದ ಬುಡಕ್ಕೆ, ಡಬ್ಬಿ ಜಾಲಿಸಿ ಚೀಲಕ್ಕೆ, ಚೀಲ ತುಂಬಿದಾಗ ಗುಜರಿಗೆ. ಅಲ್ಯೂಮಿನಿಯಂ ಆದ್ರೆ ಗುಜರಿಯವರು ತಗೊಳ್ತಾರೆ, ಪ್ಲಾಸ್ಟಿಕ್ ಪಾಡ್ ತಗೊಳ್ಳಲ್ಲ. ಹಾಗಾಗಿ ಕೊಳ್ಳುವಾಗಲೇ ಅಲ್ಯೂಮಿನಿಯಂ ನೋಡಿ ಕೊಳ್ಳಿ. ಬಳಸಿದ ಪಾಡ್ ಮಷೀನಿನೊಳಗೇ ರಾತ್ರಿ ಬಿಡಬೇಡಿ. ನಮ್ಮ ಸೆಕೆಗೆ ಎರಡು ದಿನದಲ್ಲಿ ಬೂಷ್ಟು. ಹನಿ ಬೀಳೋ ಟ್ರೇ ಒದ್ದೆ ಇದ್ದರೆ ಇರುವೆ, ಅದಾದಮೇಲೆ ಜಿರಳೆ. ಬೆಚ್ಚಗಿರೋ ಮಷೀನ್ ಅಂದ್ರೆ ಜಿರಳೆಗೆ ಬಹಳ ಇಷ್ಟ, ಇನ್ನು ಜಾಸ್ತಿ ವಿವರಿಸಲ್ಲ, ಊಟ ಮಾಡ್ತಾ ಕೇಳೋರು ಇರ್ತಾರೆ.

ದುಡ್ಡಿನ ಮಾತು ಬಿಟ್ಟರೆ ಆಗಲ್ಲ. ನಾವು ತರಿಸೋ ಪಾಡ್ ಒಂದಕ್ಕೆ 40 ರೂಪಾಯಿ ಬೀಳುತ್ತೆ. ದಿನಕ್ಕೆ ಎರಡಂದ್ರೆ ತಿಂಗಳಿಗೆ 2,400. ಅದೇ ನಮ್ಮ ಪೇಟೆಯ ಕಾಫಿ ಪುಡಿಯಲ್ಲಿ ಒಂದು ಲೋಟಕ್ಕೆ ಎಂಟು ರೂಪಾಯಿ ದಾಟಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯೋದು ಕರ್ನಾಟಕದಲ್ಲೇ, ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ನಾವು ಕುಳಿತಿರೋ ರಾಜ್ಯದ ಬೆಳೆಯನ್ನ ಡಬ್ಬಿಯಲ್ಲಿ ಹಾಕಿ ಐದು ಪಟ್ಟು ಬೆಲೆಗೆ ಕುಡಿಯೋದು ನನಗಂತೂ ಹೊಟ್ಟೆ ಉರಿಸುತ್ತೆ. ಇದಕ್ಕೆ ದಾರಿ ಮತ್ತೆ ಮತ್ತೆ ತುಂಬೋ ಸ್ಟೀಲ್ ಪಾಡ್. ನಿಮ್ಮ ಮಷೀನ್ ಮಾಡೆಲ್ಲಿಗೆ ಹೊಂದೋದನ್ನೇ ಆರಿಸಿ. ನಾನು ಮೊದಲು ಮಾಡಿದ ತಪ್ಪು, ಮನೆಯಲ್ಲಿದ್ದ ಚಿಕೋರಿ ಬೆರೆತ ಪುಡಿಯನ್ನೇ ತುಂಬಿದ್ದು. ಚಿಕೋರಿ ನೀರು ತಗುಲಿದ ಕೂಡಲೇ ಅಂಟು ಅಂಟಾಗುತ್ತೆ, ನೀರಿಗೆ ದಾರಿ ಬಿಡಲ್ಲ, ಪಂಪ್ ಒದ್ದಾಡುತ್ತೆ. ಪ್ಯಾಕೆಟ್ ಹಿಂದೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕ ಬರೆದಿರ್ತಾರೆ, ಚಿಕೋರಿ ಇಲ್ಲದ ಪುಡಿ ಕೇಳಿ ತನ್ನಿ. ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಬೆರಳಲ್ಲಿ ಮೆತ್ತಗೆ ಸಮ ಮಾಡಿ, ಒತ್ತಬೇಡಿ.

ಆದ್ರೆ ಸ್ಟೀಲ್ ಪಾಡಿನ ಮುಚ್ಚಳವನ್ನ ಬೆರಳಲ್ಲಿ ಒತ್ತಿ ಕೂರಿಸಬೇಕು. ಅಮ್ಮನಿಗೆ ಮತ್ತೆ ಅದೇ ಕಷ್ಟ. ಆದ್ದರಿಂದ ನಮ್ಮನೆಯಲ್ಲಿ ರಾತ್ರಿ ಮಲಗೋ ಮುಂಚೆ ನಾನೇ ಒಂದು ತುಂಬಿ ಮಷೀನ್ ಪಕ್ಕ ಇಡ್ತೀನಿ, ಜೊತೆಗೆ ಒಂದು ಅಂಗಡಿ ಪಾಡ್, ಮರೆತ ದಿನಕ್ಕೆ. ಹಿರಿಯರಿಗೆ ಅಂತ ಈ ಮಷೀನ್ ಕೊಳ್ಳೋರು ಒಂದು ಮಾತು ನೆನಪಿಡಿ: ಅಂಗಡಿಯಲ್ಲಿ ಲಿವರ್ ಮುಚ್ಚಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅದು ನಮ್ಮ ಫಿಲ್ಟರಿಗಿಂತ ಬಿಗಿ.

ರುಚಿ? ಪಾಡಿನ 40 ಮಿಲಿಗೆ ಎರಡು ಪಟ್ಟು ಬಿಸಿ ಹಾಲು, ಸಕ್ಕರೆ, ಎತ್ತಿ ಹುಯ್ದು ನೊರೆ. ಅಮ್ಮನ ತೀರ್ಪು: "ಬೆಳಗ್ಗೆಗೆ ನಡೆಯುತ್ತೆ." ಸಂಜೆ ಕಾಫಿ ಈಗಲೂ ಫಿಲ್ಟರಿನದೇ, ಬಿಡಿಸೋ ಕೆಲಸ ನನ್ನದು.

ಡೀಸ್ಕೇಲಿಂಗ್ ಮೂರು ತಿಂಗಳಿಗೊಮ್ಮೆ ಅಂತ ಕೈಪಿಡಿಗಳು ಹೇಳ್ತವೆ. ಕ್ಯಾನ್ ನೀರು ಹಾಕೋರಿಗೆ ಅಷ್ಟು ಸಾಕು, ಬೋರ್ ನೀರಾದ್ರೆ ತಿಂಗಳಿಗೊಮ್ಮೆ ಬೇಕು. ನನ್ನ ಫೋನಿನ ರಿಮೈಂಡರ್ ನಾನು ಮೂರು ಸಲ ಸ್ನೂಜ್ ಮಾಡಿದೆ. ಅಮ್ಮ ನೋಡಿ, ಗೋಡೆ ಕ್ಯಾಲೆಂಡರಿನಲ್ಲಿ ಎರಡು ಅಮಾವಾಸ್ಯೆಗೊಂದು ಗುರುತು ಹಾಕಿಟ್ರು. ಅಮಾವಾಸ್ಯೆ ದಿನ ಹೇಗೂ ನನ್ನ ಬೈಕ್ ತೊಳೆದು ನಿಂಬೆಹಣ್ಣು ಕಟ್ಟಿಸ್ತಾರೆ. ಈಗ ಮಷೀನಿಗೂ ನಿಂಬೆ ಉಪ್ಪು. ಹೋದ ಅಮಾವಾಸ್ಯೆ ನಾನು ಊರಲ್ಲಿರಲಿಲ್ಲ, ಬಂದು ನೋಡಿದ್ರೆ ಟ್ಯಾಂಕ್ ಫಳಫಳ ಅಂತಿತ್ತು. ನಿಂಬೆ ಉಪ್ಪಿನ ಪೊಟ್ಟಣ ಖಾಲಿಯಾಗಿದೆ, ತರಬೇಕು ಅಂತ ಚೀಟಿ ಬರೆದಿಟ್ಟಿದ್ರು.

ಬೇರೆ ಥರದ ಮಷೀನ್ ಇರೋರು, ಮುಖ್ಯವಾಗಿ ಹೀಟರ್ ರಿಪೇರಿ ಮಾಡಿಸಿದವರು, ವಾಯ್ಸ್ ನೋಟ್ ಕಳಿಸಿ. ನಿಮ್ಮೂರಿನ ಟಿಡಿಎಸ್ ಎಷ್ಟು ಬಂತು ಅಂತಲೂ ಹೇಳಿ. ಮುಂದಿನ ವಾರ ಸಿಗೋಣ.